ಹಿರಿಯರ ಕಲ್ಮನೆಗಳು

ಹೊಸ ಮನೆಗೆ ಗುದ್ದಲಿ ಹಾಕುವ ಮುನ್ನ ಭೂಮಿಪೂಜೆ ಮಾಡುವುದು ನಮ್ಮಲ್ಲಿ ಹಿಂದಿನಿಂದಲೂ ನಡೆದುಬಂದ ಪದ್ಧತಿ. ನೆಲವನ್ನು ಅಗೆಯುವುದಕ್ಕೆ ಮೊದಲು ಆ ನೆಲದ ಅಪ್ಪಣೆಯನ್ನು ಬೇಡಬೇಕೆಂಬುದು ಅದರ ಅಭಿಪ್ರಾಯ. ಅರಿಸಿನ ಕುಂಕುಮವಿಟ್ಟು, ತೆಂಗಿನಕಾಯಿ ಒಡೆದು, ನವಧಾನ್ಯವನ್ನು ಹಾಕಿ ಕೈಮುಗಿಯುವೆವು. ಆದರೆ ಅಲ್ಲಿ ನಮಗಿಂತ ಮೊದಲು ಯಾರಿದ್ದರು, ಅವರು ತಮ್ಮ ತಂದೆತಾಯಿಗಳನ್ನು ಎಲ್ಲಿ ಮಲಗಿಸಿದರು ಎಂಬ ಪ್ರಶ್ನೆ ಮಾತ್ರ ನಮ್ಮ ಮನಸ್ಸಿಗೆ ಬರುವುದಿಲ್ಲ. ನಿವೇಶನದ ಕಾಗದಪತ್ರಗಳನ್ನು ನೋಡುವಾಗ ಎರಡು ಮೂರು ತಲೆಗಳ ಹಿಂದಿನ ಒಡೆಯರ ಹೆಸರನ್ನು ವಿಚಾರಿಸಿ ತೃಪ್ತರಾಗುವೆವು. ಎರಡು ಮೂರು ಸಾವಿರ ವರ್ಷಗಳ ಹಿಂದಿನ ಒಡೆಯರ ದಸ್ತಾವೇಜು ಆ ನೆಲದಲ್ಲಿಯೇ ಕಲ್ಲಿನ ರೂಪದಿಂದ ಬಿದ್ದಿದ್ದರೂ ಅದನ್ನು ಓದುವವರು ಅಪರೂಪ.

ಬೆಂಗಳೂರಿನ ಹೊರವಲಯವನ್ನು ಕಂಡವರಿಗೆ ಈ ಮಾತು ವಿಚಿತ್ರವಾಗಿ ತೋರಬಹುದು. ವಾಯವ್ಯದಲ್ಲಿ ಪೀಣ್ಯದ ಕಾರ್ಖಾನೆಗಳು. ಪೂರ್ವದಲ್ಲಿ ವೈಟ್‌ಫೀಲ್ಡಿನ ಗಾಜಿನ ಮಹಲುಗಳು. ದಕ್ಷಿಣದಲ್ಲಿ ಎಲೆಕ್ಟ್ರಾನಿಕ್ ಸಿಟಿ. ಇವುಗಳಲ್ಲಿ ಹಿರಿಯದೆನ್ನಬಹುದಾದ ವೈಟ್‌ಫೀಲ್ಡ್ ಸಹ ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ಏರ್ಪಟ್ಟ ಊರು. ಮಿಕ್ಕ ಎರಡೂ ೧೯೭೦ರ ದಶಕದ ಕೂಸುಗಳು. ಎಲ್ಲವೂ ನಿನ್ನೆ ಮೊನ್ನೆ ಹುಟ್ಟಿದುವೆಂದೇ ಜನರ ಎಣಿಕೆ. ಆದರೆ ಊರು ಹೊಸದಾದ ಮಾತ್ರಕ್ಕೆ ನೆಲವು ಹೊಸದಾಗುವುದೆ? ಈ ನೆಲದಲ್ಲಿ ಬಾಳಿ ಹೋದ ಪುರಾತನರ ವಿಚಾರವನ್ನೂ, ಅವರು ತಮ್ಮ ಮೃತರಿಗೆ ಕಟ್ಟಿಕೊಟ್ಟ ಕಲ್ಲಿನ ಮನೆಗಳ ವಿಚಾರವನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಬೆಂಗಳೂರಿನ ಸುತ್ತಮುತ್ತ

ಪೀಣ್ಯಕ್ಕೆ ಅಂಟಿಕೊಂಡಂತಿರುವ ಜಾಲಹಳ್ಳಿಯಲ್ಲಿ ಬೆರಳುಗುರಿನಷ್ಟು ಸಣ್ಣವಾದ ಕಲ್ಲಿನ ಅಲಗುಗಳು ದೊರೆತಿವೆ. ಮರದ ಇಲ್ಲವೆ ಮೂಳೆಯ ಹಿಡಿಗೆ ಇಂತಹ ಅಲಗುಗಳನ್ನು ಸಾಲಾಗಿ ಕೂರಿಸಿ ಕತ್ತಿಯಂತೆಯೂ ಬಾಣದಂತೆಯೂ ಉಪಯೋಗಿಸುತ್ತಿದ್ದರು. ಲೋಹವನ್ನೇ ಕಾಣದ ಬೇಟೆಗಾರರ ಕೈಕೆಲಸವದು. ವೈಟ್‌ಫೀಲ್ಡಿನಿಂದ ಇನ್ನೂ ಪೂರ್ವಕ್ಕೆ ಹೋದರೆ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ ಸಿಕ್ಕುವುದು. ಅಲ್ಲಿಯ ಪುರಾತನ ಗೋರಿಗಳನ್ನು ಡಾ. ಎಂ. ಶೇಷಾದ್ರಿಯವರು ೧೯೫೭ರಲ್ಲಿ ಕ್ರಮವಾಗಿ ಅಗೆದು ಪರೀಕ್ಷಿಸಿದರು. ಆ ಅಗೆತದ ವರದಿಯನ್ನು ಮೈಸೂರಿನ ಪ್ರಾಚ್ಯವಸ್ತು ಇಲಾಖೆಯವರು ೧೯೬೦ರಲ್ಲಿ ಅಚ್ಚುಹಾಕಿಸಿರುವರು. ಬಳ್ಳಾರಿಯ ರಸ್ತೆಯಲ್ಲಿ ದೇವನಹಳ್ಳಿಯ ಕಡೆಗೆ ಹೋಗುವಾಗ ಸಿಕ್ಕುವ ಚಿಕ್ಕಜಾಲದಲ್ಲಿಯೂ, ಮೈಸೂರಿನ ಹಾದಿಯಲ್ಲಿರುವ ಹೆಜ್ಜಾಲದ ಬಳಿಯಲ್ಲಿಯೂ ಇದೇ ಬಗೆಯ ಸಮಾಧಿಗಳು ಕಂಡುಬಂದಿವೆ. ಈಗ ಪೇಟೆಯ ನಡುವೆ ಬಂದಿರುವ ಕೋರಮಂಗಲದಲ್ಲಿಯೂ ಇವು ಇದ್ದುವು.

ಈ ಜನರು ಕಾಡುಮೇಡುಗಳಲ್ಲಿ ಹೊರಜಗತ್ತನ್ನರಿಯದೆ ಬಾಳಿದವರೆಂದು ತಿಳಿಯಬೇಕಾದುದಿಲ್ಲ. ಈ ಸಂಪ್ರದಾಯವು ಮುಗಿಯುತ್ತ ಬಂದ ಕಾಲಕ್ಕೆ ಸೇರಿದ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಎಂಬವರ ನಾಣ್ಯಗಳು ಯಶವಂತಪುರದಲ್ಲಿಯೂ ವಿಮಾನ ಕಾರ್ಖಾನೆಯ ಬಳಿಯಲ್ಲಿಯೂ ಸಿಕ್ಕಿವೆ. ದೂರದೇಶದ ಹಣವು ಎರಡು ಸಾವಿರ ವರ್ಷಗಳ ಹಿಂದೆಯೇ ಈ ಬಯಲಿನಲ್ಲಿ ಓಡಾಡುತ್ತಿದ್ದಿತು. ಇಂದು ವೈಟ್‌ಫೀಲ್ಡಿನಲ್ಲಿ ಕುಳಿತು ಪರದೇಶದ ಕೆಲಸಮಾಡಿ ಸಂಬಳ ತರುವ ತರುಣರು ಈ ನೆಲದಲ್ಲಿ ಹೊಸ ವಾಡಿಕೆಯನ್ನೇನೂ ಹುಟ್ಟಿಸಲಿಲ್ಲವೆಂದು ವಿನೋದವಾಗಿ ಹೇಳಬಹುದು.

ನೆಲದಡಿಯ ಕೂಸುಗಳು

ಈ ಕಥೆಯ ಮೊದಲ ಭಾಗವನ್ನು ತಿಳಿಯಲು ಬೆಂಗಳೂರನ್ನು ಬಿಟ್ಟು ಕರ್ನಾಟಕದ ಇತರ ಭಾಗಗಳಿಗೆ ಹೋಗಬೇಕು. ಸುಮಾರು ಕ್ರಿ.ಪೂ. ೩೦೦೦ರಿಂದ ಕ್ರಿ.ಪೂ. ೧೨೦೦ರವರೆಗಿನ ಕಾಲವನ್ನು ನಮ್ಮ ನಾಡಿನಲ್ಲಿ ನವಶಿಲಾಯುಗವೆಂದು ಕರೆಯುವರು. ಕಲ್ಲುಕೊಡಲಿಯನ್ನು ಉಜ್ಜಿ ನುಣುಪುಮಾಡುವುದನ್ನೂ, ದನಗಳನ್ನು ಸಾಕುವುದನ್ನೂ, ಬಿತ್ತಿ ಬೆಳೆಯುವುದನ್ನೂ ಜನರು ಕಲಿತ ಕಾಲವದು. ಬಳ್ಳಾರಿಯ ಬಳಿಯ ಸಂಗನಕಲ್ಲು, ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿ, ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲು ನರಸೀಪುರ, ತೆಕ್ಕಲಕೋಟೆ ಮೊದಲಾದ ಕಡೆಗಳಲ್ಲಿ ಅವರ ಊರುಗಳನ್ನು ಅಗೆದು ನೋಡಿರುವರು. ಅವರು ಉಣ್ಣುತ್ತಿದ್ದುದು ಹುರುಳಿ, ಹೆಸರು, ಕೊರಲೆ. ಹುರುಳಿಯ ಸಾರು ನಮ್ಮ ಮನೆಗಳಿಗೆ ಎಷ್ಟು ಹಳೆಯ ನೆಂಟನೆಂಬುದನ್ನು ಗೃಹಿಣಿಯರು ಗಮನಿಸಬೇಕು.

ಈ ಜನರು ಮೃತರನ್ನು ಊರ ಹೊರಗೆ ಒಯ್ಯುತ್ತಿರಲಿಲ್ಲ. ಊರೊಳಗೆ, ಅನೇಕ ವೇಳೆ ಮನೆಯ ನೆಲದಲ್ಲಿಯೇ ಗುಣಿ ತೋಡಿ ದೊಡ್ಡವರನ್ನು ಉದ್ದಕ್ಕೆ ಮಲಗಿಸುತ್ತಿದ್ದರು. ಹಸುಗೂಸುಗಳು ತೀರಿಕೊಂಡರೆ ಅವನ್ನು ಮಡಕೆಯೊಳಗಿರಿಸಿ ಹೂಳುತ್ತಿದ್ದರು. ಬ್ರಹ್ಮಗಿರಿಯಲ್ಲಿ ಇಂತಹ ಮಡಕೆಗಳು ಸಿಕ್ಕಿವೆ. ಅವುಗಳೊಳಗಿನ ಮೂಳೆಗಳು ಬಹು ಸಣ್ಣವು. ತಾಯಿಯ ಗರ್ಭದಂತೆ ದುಂಡಗಿರುವ ಮಡಕೆಯಲ್ಲಿ ಮಗುವನ್ನು ಮುದುರಿ ಮಲಗಿಸಿದ ಆ ಕೈಗಳು ಯಾರವು? ಹೆಸರನ್ನು ಹೇಳುವವರಿಲ್ಲ. ಆದರೂ ಕೂಸನ್ನು ಕಾಡಿಗೆ ಕೊಡಲಾರದೆ, ತಾವು ಅಡಿಗೆಮಾಡಿ ಉಣ್ಣುವ ನೆಲದಡಿಯಲ್ಲಿಯೇ ಉಳಿಸಿಕೊಂಡ ಆ ಮನೆಯವರ ದುಃಖವು ಯಾವ ತಾಯಿಗೆ ತಿಳಿಯದು? ನಮ್ಮಲ್ಲಿ ಇಂದಿಗೂ ಹಿರಿಯರನ್ನು ದಹನಮಾಡುವ ಕುಲಗಳವರು ಸಹ ಹಸುಗೂಸುಗಳನ್ನು ಸುಡದೆ ಹೂಳುವರು.

ಇವರು ಬಿಟ್ಟುಹೋದ ಮತ್ತೊಂದು ಗುರುತು ಬೂದಿಯ ದಿಬ್ಬ. ದನದ ದೊಡ್ಡಿಗಳಲ್ಲಿ ಸೇರಿದ ಸಗಣಿಯ ರಾಶಿಗೆ ಮತ್ತೆ ಮತ್ತೆ ಬೆಂಕಿಯಿಡುತ್ತ ಬಂದುದರಿಂದ ಈ ದಿಬ್ಬಗಳು ಬೆಳೆದುವು. ಕುಡತಿನಿಯಲ್ಲಿಯೂ ಬೂದಿಹಾಳದಲ್ಲಿಯೂ ಇವನ್ನು ನೋಡಬಹುದು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ಊರವರು ವಾಲಿಯ ಚಿತಾಭಸ್ಮವೆಂದು ನಂಬಿರುವರು.

ಹೋದವರಿಗೆ ಕಲ್ಲಿನ ಮನೆ

ಕ್ರಿ.ಪೂ. ೧೨೦೦ರ ಆಚೀಚೆಗೆ ಕಬ್ಬಿಣವು ಬಳಕೆಗೆ ಬಂದಿತು. ಅದರ ಜೊತೆಯಲ್ಲಿಯೇ ಮೃತರ ವಿಷಯದಲ್ಲಿ ಜನರ ನಡೆಯೂ ಬದಲಾಯಿಸಿತು. ಊರೊಳಗಣ ಗುಣಿಗಳು ನಿಂತು, ಊರಾಚೆಯ ಬಯಲುಗಳಲ್ಲಿಯೂ ಗುಡ್ಡಗಳಲ್ಲಿಯೂ ಭಾರಿಯಾದ ಕಲ್ಲುಗಳ ಗೋರಿಗಳು ತಲೆಯೆತ್ತಿದುವು. ಇದನ್ನೇ ಬೃಹತ್ ಶಿಲಾಯುಗದ ಸಂಸ್ಕೃತಿಯೆನ್ನುವರು. ನಾಲ್ಕು ಕಡೆ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿಯನ್ನು ಹೊದಿಸಿದ, ನೆಲದ ಮೇಲೆ ಕಾಣುವಂತಹ ಗೋರಿಗೆ ಕಲ್ಮನೆಯೆಂದು ಹೆಸರು. ಅದೇ ಪೆಟ್ಟಿಗೆಯು ನೆಲದಲ್ಲಿ ಹುದುಗಿದ್ದರೆ ಕಲ್ಗೋರಿ. ಅದರ ಮೇಲೆ ಸುತ್ತಲೂ ಗುಂಡುಗಳನ್ನು ಬಳೆಯಂತೆ ಜೋಡಿಸಿದ್ದರೆ ಶಿಲಾವೃತ್ತ. ಒಂಟಿಯಾಗಿ ನೆಟ್ಟ ಎತ್ತರದ ಕಲ್ಲು ನಿಲಸುಗಲ್ಲು. ಬೆಂಗಳೂರಿನ ಸುತ್ತಣ ಬಯಲುಗಳಲ್ಲಿ ಗುಂಡುಕಲ್ಲುಗಳ ವೃತ್ತಗಳೇ ಇವುಗಳ ಗುರುತು.

ಈ ಕಲ್ಮನೆಗಳ ವೈಭವವನ್ನು ನೋಡಬೇಕಾದವರು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿಗೆ ಹೋಗಬೇಕು. ಊರಿನಿಂದ ಬಂಡೆಗಳ ನಡುವಣ ಕಾಲುದಾರಿಯಲ್ಲಿ ಗುಡ್ಡವನ್ನೇರಿದರೆ, ಮೇಲೆ ನಾನೂರರಷ್ಟು ಗೋರಿಗಳು ಹರಡಿ ಒಂದು ಊರಿನಂತೆಯೇ ತೋರುವುವು. ಕೆಲವು ಮೊಣಕಾಲೆತ್ತರ, ಕೆಲವು ಆಳೆತ್ತರವನ್ನು ಮೀರಿದುವು. ಅನೇಕ ಕಲ್ಮನೆಗಳ ಒಂದು ಗೋಡೆಯಲ್ಲಿ ದುಂಡಗೆ ಕೊರೆದ ಕಿಂಡಿಯುಂಟು. ಕಲ್ಲು ಕಿತ್ತ ಸ್ಥಳದಲ್ಲಿಯೇ ನೀರು ನಿಂತು ಒಂದು ಕೊಳವಾಗಿದೆ. ಒಂದು ದೊಡ್ಡ ಗುಂಡಿನ ಮೇಲೆ ಅರೆಗೋಳದಾಕಾರದ ಕಲ್ಲಿನ ನಗಾರಿಯೊಂದಿರುವುದು. ಬಡಿದರೆ ದೂರಕ್ಕೆ ಕೇಳುವಂತೆ ನಾದವೇಳುವುದು. ಸತ್ತವರ ಊರಿಗೆ ನೀರೂ ನಗಾರಿಯೂ ಒದಗಿಬಂದುವು. ಈ ಸ್ಥಳದ ವಿಚಾರವನ್ನು ೧೮೩೫ರಲ್ಲಿ ಮೊದಲು ಪ್ರಕಟಿಸಿದವರು ನಿಜಾಮರ ಕೆಲಸದಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್. ೨೦೨೧ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಇದು ಸೇರಿತು.

ಯಂತ್ರಗಳಿಲ್ಲದ ಆ ಕಾಲದಲ್ಲಿ ಇಂತಹ ಚಪ್ಪಡಿಗಳನ್ನು ಎಬ್ಬಿಸಿದ ಬಗೆ ಹೇಗೆ? ನಮ್ಮ ನಾಡಿನ ಕಣಶಿಲೆಯ ಬಂಡೆಗಳು ಬಿಸಿಲು ಚಳಿಗಳಿಗೆ ಸಿಕ್ಕಿ ಹಾಳೆಹಾಳೆಯಾಗಿ ಸೀಳುವ ಸ್ವಭಾವದವು. ಅಂತಹ ಬಂಡೆಯ ಮೇಲೆ ಸೌದೆಯನ್ನೊಟ್ಟಿ ಬೆಂಕಿಮಾಡಿದರೆ ಮೇಲ್ಪದರವು ಕಾದು ಹಿಗ್ಗಿ ಕೆಳಪದರದಿಂದ ಬಿಡಿಸಿಕೊಳ್ಳುವುದು. ಸೀಳಿದೆಡೆಯಲ್ಲಿ ಬೆಣೆ ಹೊಡೆದು, ಸನ್ನೆಗೋಲಿನಿಂದ ಮೀಟಿ, ಅಂಚನ್ನು ಸುತ್ತಿಗೆಯಿಂದ ಕುಟ್ಟಿ ಸರಿಮಾಡಿದರೆ ಚಪ್ಪಡಿಯು ಸಿದ್ಧವಾಗುವುದು. ಬೆಂಕಿಯಿಟ್ಟು ಬಂಡೆಯೆಬ್ಬಿಸುವ ಈ ವಿದ್ಯೆಯನ್ನು ನಮ್ಮ ಕಲ್ಲುಕುಟಿಗರು ಬಹುಕಾಲದವರೆಗೂ ಉಳಿಸಿಕೊಂಡು ಬಂದಿದ್ದರು. ಒಂದು ಚಪ್ಪಡಿಯನ್ನು ಸಾಗಿಸಿ ನಿಲ್ಲಿಸಬೇಕಾದರೆ ಊರಿಗೆ ಊರೇ ಕೈಹಚ್ಚಬೇಕು. ಅಷ್ಟು ಜನಕ್ಕೆ ಅನ್ನವಿಕ್ಕಬೇಕು. ಒಬ್ಬರ ಮರಣವು ಎಲ್ಲರ ಕೆಲಸವಾಗುತ್ತಿದ್ದಿತು.

ಇಲ್ಲಿಯೇ ಯೋಚಿಸಬೇಕಾದ ಸಂಗತಿಯೊಂದುಂಟು. ಈ ಜನರು ತಾವು ವಾಸಿಸುತ್ತಿದ್ದುದು ಮರದ ಗೂಟ, ತಡಿಕೆ, ಮಣ್ಣು, ಹುಲ್ಲುಗಳ ಗುಡಿಸಲುಗಳಲ್ಲಿ. ಕಲ್ಲನ್ನು ಸೀಳುವ ವಿದ್ಯೆ ಬಲ್ಲವರಾಗಿದ್ದರೂ ತಮಗಾಗಿ ಕಲ್ಲಿನ ಮನೆಯನ್ನು ಕಟ್ಟಿಕೊಳ್ಳಲಿಲ್ಲ. ಇದ್ದವರಿಗೆ ಹುಲ್ಲಿನ ಮನೆ, ಹೋದವರಿಗೆ ಕಲ್ಲಿನ ಮನೆ. ನಾಲ್ಕು ದಿನದ ಬಾಳಿಗೆ ನಾಲ್ಕು ದಿನ ಬಾಳುವ ಮನೆ ಸಾಕು. ಮರಳಿಬಾರದ ಊರಿಗೆ ಹೋದವರಿಗೆ ಅಳಿಯದ ಮನೆ ಬೇಕೆಂದು ಅವರು ಎಣಿಸಿದಂತೆ ತೋರುವುದು. ಗುಡಿಸಲುಗಳೆಲ್ಲ ಮಣ್ಣುಪಾಲಾದುವು, ಕಲ್ಮನೆಗಳು ನಿಂತುವು. ಹೀಗಾಗಿ ಆ ಜನರ ಬಾಳಿನ ವಿಷಯವಾಗಿ ನಮಗೆ ತಿಳಿದುದು ಬಹುಮಟ್ಟಿಗೆ ಅವರ ಸಾವಿನ ಮೂಲಕವೇ ಸರಿ.

ಗೋರಿಯ ಒಳಗೆ

ಬ್ರಹ್ಮಗಿರಿಯನ್ನು ಮೊದಲು ೧೯೪೦ರ ಸುಮಾರಿನಲ್ಲಿ ಮೈಸೂರು ಪ್ರಾಚ್ಯವಸ್ತು ಇಲಾಖೆಯ ಡಾ. ಎಂ. ಎಚ್. ಕೃಷ್ಣರೂ, ಆಮೇಲೆ ೧೯೪೭ರಲ್ಲಿ ಮಾರ್ಟಿಮರ್ ವೀಲರರೂ ಅಗೆಸಿದರು. ಅಶೋಕ ಚಕ್ರವರ್ತಿಯ ಶಾಸನವಿರುವ ಊರೇ ಇದು. ಅಲ್ಲಿಯ ಕಲ್ಗೋರಿಗಳ ಪೂರ್ವದ ಚಪ್ಪಡಿಯಲ್ಲಿ ದುಂಡು ಕಿಂಡಿಯಿದ್ದಿತು. ಒಳಗೆ ಸಿಕ್ಕಿದುದು ಮಲಗಿಸಿದ ದೇಹವಲ್ಲ. ಆರಿಸಿ ತಂದಿರಿಸಿದ ಮೂಳೆಗಳು. ಮೃತದೇಹವನ್ನು ಮೊದಲು ಬೇರೆಡೆಯಲ್ಲಿ ಬಿಟ್ಟು, ಮಾಂಸವು ಕರಗಿದ ಬಳಿಕ ಉಳಿದ ಅಸ್ಥಿಗಳನ್ನು ಸಂಗ್ರಹಿಸಿ ಕಲ್ಲಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಒಂದೇ ಗೋರಿಯಲ್ಲಿ ಹಲವರ ಮೂಳೆಗಳಿರುವುದೂ ಉಂಟು. ಕುಟುಂಬದಲ್ಲಿ ಇನ್ನೊಬ್ಬರು ತೀರಿಕೊಂಡಾಗ ಕಿಂಡಿಯ ಮೂಲಕ ಅವರ ಅಸ್ಥಿಯನ್ನೂ ಸೇರಿಸುತ್ತಿದ್ದರೆಂದು ಕೆಲವರೂ, ಪ್ರಾಣವು ಬಂದು ಹೋಗಲೆಂದು ಕಿಂಡಿಯನ್ನು ಬಿಟ್ಟರೆಂದು ಕೆಲವರೂ ಊಹಿಸುವರು. ದಹನವಾದ ಮೇಲೆ ಅಸ್ಥಿಸಂಚಯನಮಾಡಿ ಕುಡಿಕೆಯಲ್ಲಿ ತುಂಬಿ ತರುವ ನಮ್ಮ ಮನೆಗಳವರಿಗೆ ಈ ಕರ್ಮವು ಪೂರ್ತಿಯಾಗಿ ಅಪರಿಚಿತವೆನಿಸಲಾರದು.

ಮೂಳೆಗಳ ಜೊತೆಯಲ್ಲಿ ಮಡಕೆಕುಡಿಕೆಗಳನ್ನು ತಪ್ಪದೆ ಇಡುತ್ತಿದ್ದರು. ಇವುಗಳಲ್ಲಿ ಒಂದು ಬಗೆಯವು ಹೊರಗೆ ಕೆಂಪು, ಒಳಗೂ ಬಾಯಂಚಿನಲ್ಲಿಯೂ ಕಪ್ಪು. ಬೋರಲು ಹಾಕಿ ಸುಟ್ಟುದರಿಂದ ಗಾಳಿ ತಗುಲಿದ ಭಾಗವು ಕೆಂಪಾಗಿ, ಗಾಳಿಯಾಡದೆ ಉಳಿದ ಭಾಗವು ಕಪ್ಪಾಗುವುದೆಂದು ತಿಳಿದವರು ಹೇಳುವರು. ಅವುಗಳ ನುಣುಪು ಕಂಚಿನ ಪಾತ್ರೆಗೆ ಸಮಾನವಾದುದು. ಅಲ್ಲದೆ ಕಬ್ಬಿಣದ ಭರ್ಜಿ, ಬಾಣದ ಮೊನೆ, ಕುಡುಗೋಲು, ಕೊಡಲಿ, ಬೆಣೆಗಳೂ, ಕೆಂಪು ಕಲ್ಲಿನ ಮಣಿಗಳೂ, ಅಪೂರ್ವವಾಗಿ ಚಿನ್ನದ ಮಣಿಗಳೂ ಸಿಕ್ಕುವುವು. ಉಳುವವನಿಗೆ ಅವನ ಕುಡುಗೋಲು, ಬೇಟೆಗಾರನಿಗೆ ಅವನ ಭರ್ಜಿ, ತೊಟ್ಟು ನಲಿದವರಿಗೆ ಅವರ ಮಣಿಸರ. ಹಿರಿಯರ ಹಬ್ಬದಲ್ಲಿ ಹೊಸಬಟ್ಟೆಯಿಟ್ಟು, ಮೃತರಿಗೆ ಪ್ರಿಯವಾದ ತಿಂಡಿಯನ್ನು ಮಾಡಿ ಎಡೆಯಿಡುವವರು ಈ ಮಡಕೆಗಳ ಅರ್ಥವನ್ನು ಪಂಡಿತರಿಗಿಂತ ಬೇಗ ಗ್ರಹಿಸಬಲ್ಲರು.

ಈ ಗೋರಿಗಳು ಕ್ರಿ.ಪೂ. ೨೦೦ರಿಂದೀಚಿನವೆಂದು ವೀಲರರು ಎಣಿಸಿದ್ದರು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಡಾ. ಎಂ. ಎಸ್. ನಾಗರಾಜರಾಯರು ೧೯೬೫ರಲ್ಲಿ ನಡೆಸಿದ ಅಗೆತದಲ್ಲಿ ದೊರೆತ ಕಬ್ಬಿಣವು ಕ್ರಿ.ಪೂ. ೧೦೦೦ದಷ್ಟು ಹಿಂದಿನದೆಂದು ಇಂಗಾಲದ ಪರೀಕ್ಷೆಯಿಂದ ತಿಳಿದುಬಂದುದರಿಂದ ಆ ಎಣಿಕೆಯು ಹಿಂದಕ್ಕೆ ಸರಿಯಿತು.

ನಿಂತ ಕಲ್ಲುಗಳು

ಗೋರಿಯಿಲ್ಲದೆ ಬರಿಯ ಕಲ್ಲುಗಳನ್ನೇ ನೆಟ್ಟ ಕಡೆಗಳೂ ಉಂಟು. ಶಿವಮೊಗ್ಗ ಜಿಲ್ಲೆಯ ಹೊಸನಗರದ ಸೀಮೆಯಲ್ಲಿ ನಿಲಸ್ಕಲ್ ಎಂಬ ಹಳ್ಳಿಯಿದೆ. ಆ ಹೆಸರೇ ನಿಲಿಸಿದ ಕಲ್ಲನ್ನು ಸಾರುವುದು. ಅಲ್ಲಿಯೂ ಹತ್ತಿರದ ಬೈಸೆಯಲ್ಲಿಯೂ ಇರುವ ನಿಲಸುಗಲ್ಲುಗಳನ್ನು ಶ್ರೀಕುಮಾರ್ ಮೆನನ್ ಮತ್ತು ಅವರ ಸಂಗಡಿಗರು ಅಳೆದು ನೋಡಿ, ಅವುಗಳಲ್ಲಿ ಕೆಲವು ಜೋಡಿಗಳು ಅಯನಸಂಧಿಯ ದಿನಗಳಲ್ಲಿ ಸೂರ್ಯನು ಹುಟ್ಟುವ ಇಲ್ಲವೆ ಮುಳುಗುವ ದಿಕ್ಕಿಗೆ ಸರಿಯಾಗಿ ನಿಂತಿರುವುವೆಂದು ಹೇಳಿರುವರು. ಯಾದಗಿರಿ ಜಿಲ್ಲೆಯ ವಿಭೂತಿಹಳ್ಳಿಯಲ್ಲಿ ಗುಂಡುಕಲ್ಲುಗಳನ್ನು ಪಗಡೆಯ ಹಾಸಿನಂತೆ ಅಡ್ಡಸಾಲು ಉದ್ದಸಾಲುಗಳಲ್ಲಿ ವಿಸ್ತಾರವಾಗಿ ಹರಡಿದ್ದಾರೆ. ಬಿತ್ತುವ ಕಾಲವನ್ನು ತಿಳಿಯಲು ಪಂಚಾಂಗವಿಲ್ಲದವರಿಗೆ ಆಕಾಶವೇ ಪಂಚಾಂಗವಾಗಿದ್ದಿರಬೇಕು.

ಇಂತಹ ಕಲ್ಲುಗಳು ನಮ್ಮಲ್ಲಿ ಮಾತ್ರವೇ ಇರುವುದೆಂದು ತಿಳಿಯಬಾರದು. ಬ್ರಿಟನ್ನಿನ ಉತ್ತರಕ್ಕಿರುವ ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಇವು ಹೇರಳವಾಗಿವೆ. ಲೂಯಿಸ್ ದ್ವೀಪದ ಕಾಲನಿಶ್ ಎಂಬಲ್ಲಿ, ನಡುವೆ ಒಂದು ಎತ್ತರದ ಕಲ್ಲು, ಅದರ ಸುತ್ತ ಹದಿಮೂರು ಕಲ್ಲುಗಳ ಬಳೆ, ಅಲ್ಲಿಂದ ಹೊರಡುವ ಕಲ್ಲಿನ ಸಾಲುಗಳು ಇವುಗಳಿಂದ ಕೂಡಿದ ಸ್ಥಾನವೊಂದುಂಟು. ಅದು ಸುಮಾರು ೫೦೦೦ ವರ್ಷಗಳಷ್ಟು ಹಿಂದಿನದು. ಕಾಲಕ್ರಮದಲ್ಲಿ ಜೌಗುಮಣ್ಣು ಬೆಳೆದು ಕಲ್ಲುಗಳ ಬುಡವೆಲ್ಲ ಐದು ಅಡಿಯವರೆಗೆ ಮುಚ್ಚಿಹೋಗಿದ್ದಿತು. ೧೮೫೭ರಲ್ಲಿ ಅದನ್ನು ತೆಗೆಸಿದರು. ಆರ್ಕ್ನಿ ದ್ವೀಪದ ಮೇಸ್‌ಹೌ ಎಂಬ ಗೋರಿಯಲ್ಲಿ ಚಳಿಗಾಲದ ನಡುವೆ, ಹಗಲು ಅತ್ಯಂತ ಕಿರಿದಾಗುವ ದಿನಗಳಲ್ಲಿ, ಮುಳುಗುವ ಸೂರ್ಯನ ಕಿರಣವು ಉದ್ದವಾದ ಓಣಿಯಲ್ಲಿ ನುಗ್ಗಿ ಒಳಗೋಡೆಯನ್ನು ಬೆಳಗುವುದು.

ಮೇಲೆ ಹೇಳಿದ ಮೆಡೋಸ್ ಟೇಲರರು ಸುರಪುರದ ಸೀಮೆಯಲ್ಲಿ ಅನೇಕ ಗೋರಿಗಳನ್ನು ಅಗೆಸಿ, ಅವುಗಳನ್ನು ತಮ್ಮ ದೇಶದ ಗೋರಿಗಳಿಗೆ ಹೋಲಿಸಿ, ಎರಡನ್ನೂ ಕಟ್ಟಿದವರು ಒಂದೇ ಮೂಲದವರಿರಬಹುದೆಂದು ಬಗೆದರು. ಇಂದು ಆ ಮತವು ನಿಲ್ಲುವುದಿಲ್ಲ. ಕಾಲನಿಶಿನ ಕಲ್ಲುಗಳಿಗೂ ನಮ್ಮ ಕಲ್ಮನೆಗಳಿಗೂ ನಡುವೆ ಸಾವಿರದೈನೂರು ವರ್ಷಗಳಿಗೂ ಮಿಗಿಲಾದ ಅಂತರವುಂಟು. ಅವರಿಗೆ ಇವರು ಗುರುಗಳಲ್ಲ, ಇವರಿಗೆ ಅವರು ನೆಂಟರಲ್ಲ. ಒಬ್ಬರನ್ನೊಬ್ಬರು ಕಾಣದ ಇಬ್ಬರು ಒಂದೇ ದುಃಖಕ್ಕೆ ಒಂದೇ ಬಗೆಯ ಸಮಾಧಾನವನ್ನು ಹುಡುಕಿದರೆಂದರೆ, ಅದು ನೆಂಟತನಕ್ಕಿಂತಲೂ ದೊಡ್ಡ ಮಾತಲ್ಲವೆ?

ಬಂಡೆಯ ಮೇಲಣ ಚಿತ್ರಗಳು

ಸಂಗನಕಲ್ಲಿನ ಬಳಿಯ ಕಪ್ಪಗಲ್ಲಿನ ಗುಡ್ಡದಲ್ಲಿ ಕರಿಯ ಬಂಡೆಗಳ ಸಾಲೊಂದಿದೆ. ಅವುಗಳ ಮೈಮೇಲೆ ನವಶಿಲಾಯುಗದವರು ಕಲ್ಲಿನಿಂದ ಕುಟ್ಟಿ ಕುಟ್ಟಿ ಚಿತ್ರಗಳನ್ನು ಬಿಡಿಸಿರುವರು. ಹೆಚ್ಚಾಗಿ ಕಾಣುವುವು ಉದ್ದಕೊಂಬಿನ, ಹಿಣಿಲಿರುವ ಎತ್ತುಗಳು. ನಡುನಡುವೆ ಮನುಷ್ಯರೂ ಇರುವರು. ಆ ಕಾಲದವರಿಗೆ ದನವೇ ಧನವಾಗಿದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅಲ್ಲಿಯ ಕೆಲವು ಬಂಡೆಗಳು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನುಡಿಯುವುವು. ತಟ್ಟಿ ತಟ್ಟಿ ಸವೆದ ಬಟ್ಟಲಿನಂತಹ ಕುಳಿಗಳೂ ಅವುಗಳ ಮೇಲೆ ಕಾಣುವುವು. ಹಿರೇಬೆಣಕಲ್ಲಿನ ಬಂಡೆಗಳ ಮರೆಯಲ್ಲಿಯೂ, ಆನೆಗೊಂದಿಯ ಬಳಿಯ ಒನಕೆ ಕಿಂಡಿಯಲ್ಲಿಯೂ ಇರುವುವು ಕೆತ್ತಿದುವಲ್ಲ, ಕೆಂಪು ಕಾವಿಯಿಂದ ಬರೆದುವು. ಅಲ್ಲಿ ಪ್ರಾಣಿಗಳೂ ಮನುಷ್ಯರೂ ಇರುವರು. ಹಬ್ಬದ ದಿನ ಬಾಗಿಲ ಬದಿಯ ಗೋಡೆಗೆ ಕೆಮ್ಮಣ್ಣಿನ ಕಾರಣೆ ಬಳಿದು ಚಿತ್ರ ಬರೆಯುವ ಹಳ್ಳಿಯ ಹೆಂಗಸರ ಕೈಗೂ ಆ ಕೈಗಳಿಗೂ ಬಳಿಯ ಬಣ್ಣ ಒಂದೇ.

ಪಾಂಡವರ ಮನೆ, ಮೋರ್ಯರ ಮನೆ

ಕಟ್ಟಿದವರ ನೆನಪು ಅಳಿದ ಮೇಲೂ ಕಲ್ಲುಗಳು ಉಳಿದುದರಿಂದ ಜನರು ಅವುಗಳಿಗೆ ಕಥೆಗಳನ್ನು ಹೆಣೆದರು. ಅನೇಕ ಕಡೆ ಇವು ವನವಾಸದ ಕಾಲದಲ್ಲಿ ಪಾಂಡವರು ಕಟ್ಟಿಕೊಂಡ ಮನೆಗಳು. ಕೊಡಗಿನಲ್ಲಿ ಇವುಗಳಿಗೆ ಪಾಂಡವ ಪಾರೆಯೆಂದೇ ಹೆಸರು. ಹಿರೇಬೆಣಕಲ್ಲಿನವರು ತಮ್ಮ ಗುಡ್ಡವನ್ನು ಮೋರ್ಯರ ಗುಡ್ಡವೆನ್ನುವರು. ಮೋರ್ಯರೆಂದರೆ ಹಿಂದಿದ್ದ ಕುಳ್ಳಜನರಂತೆ. ಸಣ್ಣ ಕಿಂಡಿಯ ಸಣ್ಣ ಮನೆಯಲ್ಲಿ ಬೇರೆಯವರು ಹೇಗೆ ಹಿಡಿಸಿಯಾರು? ಅತ್ತ ಲೂಯಿಸ್ ದ್ವೀಪದವರು, ಕ್ರೈಸ್ತಮತಕ್ಕೆ ಸೇರಲೊಲ್ಲದ ದೈತ್ಯರು ಶಾಪದಿಂದ ಕಲ್ಲಾದರೆಂದು ಹೇಳುತ್ತಿದ್ದರು. ಇಲ್ಲಿ ಕುಳ್ಳರು, ಅಲ್ಲಿ ದೈತ್ಯರು. ಕಟ್ಟಿದವರು ನಮ್ಮಂತೆಯೇ ಸಾಧಾರಣ ಎತ್ತರದ, ಸಾಧಾರಣ ಸುಖದುಃಖಗಳ ಮನುಷ್ಯರೆಂಬುದು ಮಾತ್ರ ಎಲ್ಲಿಯೂ ಯಾರಿಗೂ ಹೊಳೆಯಲಿಲ್ಲ.

ಕಲ್ಲು ನಿಲ್ಲಿಸುವ ಪದ್ಧತಿಯಾದರೋ ನಮ್ಮ ನಾಡಿನಲ್ಲಿ ಬೇರೆ ರೂಪಗಳಿಂದ ಬಹುಕಾಲ ಬಾಳಿತು. ತುರುಗಾಳಗದಲ್ಲಿ ಮಡಿದವನಿಗೆ ವೀರಗಲ್ಲು, ಗಂಡನೊಡನೆ ಚಿತೆಯೇರಿದವಳಿಗೆ ಮಾಸ್ತಿಕಲ್ಲು. ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದಲ್ಲಿರುವ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ದೊರೆತ ಒಂದು ವೀರಗಲ್ಲು ಕ್ರಿ.ಶ. ೯೦೦ರ ಸುಮಾರಿನದು. ಅದರಲ್ಲಿ ಬೆಂಗಳೂರ ಕಾಳಗದಲ್ಲಿ ಮಡಿದ ವೀರನ ಮಾತು ಬಂದಿದೆ. ಬೆಂಗಳೂರೆಂಬ ಹೆಸರನ್ನು ನಾವು ಅಷ್ಟು ಹಿಂದಕ್ಕೆ ಒಯ್ಯಬಲ್ಲೆವಾದರೆ, ಅದು ಒಬ್ಬ ಮೃತನಿಗಾಗಿ ಯಾರೋ ಒಂದು ಕಲ್ಲನ್ನು ನಿಲ್ಲಿಸಿದುದರಿಂದ. ವೀರಗಲ್ಲಿನಲ್ಲಿ ಅಕ್ಷರವುಂಟು, ಆದುದರಿಂದ ಅದನ್ನು ಶಾಸನವೆಂದು ಕಾಪಾಡುವೆವು. ಕಲ್ಮನೆಯಲ್ಲಿ ಅಕ್ಷರವಿಲ್ಲ, ಆದುದರಿಂದ ಬರಿಯ ಕಲ್ಲೆಂದು ಒಡೆಯುವೆವು.

ಅಳಿಯುತ್ತಿರುವ ಊರು

ಒಡೆಯುವೆವೆಂಬುದು ಬಾಯಿಮಾತಲ್ಲ. ಸಂಗನಕಲ್ಲಿನ ಗುಡ್ಡಗಳನ್ನು ಜಲ್ಲಿಕಲ್ಲಿಗಾಗಿ ಸಿಡಿಸಿದ ಕಾಲ ಬಹಳ ಹಿಂದಿನದಲ್ಲ. ಬೆಂಗಳೂರಿನ ಸುತ್ತಮುತ್ತ ರಸ್ತೆ ಅಗಲವಾದಂತೆ, ಹೊಲಗಳು ಬಡಾವಣೆಗಳಾದಂತೆ, ಶಿಲಾವೃತ್ತಗಳ ಗುಂಡುಗಳು ಒಂದೊಂದಾಗಿ ತಳಪಾಯಕ್ಕೂ ಕಾಂಪೌಂಡಿಗೂ ಸೇರುತ್ತಿವೆ. ಮೂರು ಸಾವಿರ ವರ್ಷ ಬಿಸಿಲು ಮಳೆಗಳನ್ನು ತಡೆದು ನಿಂತುದು ಜೆ.ಸಿ.ಬಿ. ಯಂತ್ರದ ಮುಂದೆ ಅರ್ಧ ಗಂಟೆ ನಿಲ್ಲಲಾರದು. ಇದರ ಮೇಲೆ ನಿಧಿಯ ಆಸೆಯೆಂಬ ಇನ್ನೊಂದು ರೋಗ. ಗೋರಿಯ ಕೆಳಗೆ ಹೊನ್ನಿನ ಕೊಪ್ಪರಿಗೆಯಿದೆಯೆಂದು ನಂಬಿ ರಾತ್ರಿಯಲ್ಲಿ ಅಗೆಯುವವರುಂಟು. ಅವರಿಗೆ ಸಿಕ್ಕುವುದು ಒಡೆದ ಮಡಕೆ, ತುಕ್ಕುಹಿಡಿದ ಕಬ್ಬಿಣ, ಹಿಡಿಯಷ್ಟು ಮೂಳೆ. ಅವನ್ನು ಅಲ್ಲಿಯೇ ಎಸೆದು ಹೋಗುವರು. ಯಾವ ವಸ್ತುವು ಯಾವ ಜಾಗದಲ್ಲಿ, ಯಾವ ಪದರದಲ್ಲಿ ಇದ್ದಿತೆಂಬುದೇ ಸಂಶೋಧಕರಿಗೆ ನಿಜವಾದ ನಿಧಿ. ಒಮ್ಮೆ ಕಲಕಿದ ಮೇಲೆ ಅದು ಮತ್ತೆ ದೊರೆಯುವುದಿಲ್ಲ.

ಈ ವಿಷಯದಲ್ಲಿ ಆರ್ಕ್ನಿ ದ್ವೀಪದ ಒಂದು ಕಥೆ ನೆನಪಿಡತಕ್ಕದ್ದು. ಅಲ್ಲಿ ಓಡಿನ್ ಕಲ್ಲೆಂಬ ಒಂದು ನಿಲಸುಗಲ್ಲಿದ್ದಿತು. ಅದರಲ್ಲಿದ್ದ ತೂತಿನ ಮೂಲಕ ಹೆಣ್ಣೂ ಗಂಡೂ ಕೈಹಿಡಿದು ಮಾತುಕೊಟ್ಟರೆ ಆ ಮಾತನ್ನು ಮುರಿಯಬಾರದೆಂಬ ನಂಬಿಕೆಯಿದ್ದಿತು. ೧೮೧೪ರಲ್ಲಿ ಆ ನೆಲದ ಗೇಣಿದಾರನೊಬ್ಬನು, ನೋಡಲು ಬರುವ ಜನರಿಂದ ತನ್ನ ಹೊಲಕ್ಕೆ ಉಪದ್ರವವೆಂದು ಆ ಕಲ್ಲನ್ನು ಒಡೆದುಹಾಕಿದನು. ದ್ವೀಪದವರು ಸಿಟ್ಟಿಗೆದ್ದು ಅವನ ಮನೆಗೆ ಬೆಂಕಿಯಿಡಲೂ ಯತ್ನಿಸಿದರಂತೆ. ಆ ಸಿಟ್ಟು ಒಳ್ಳೆಯದೆಂದು ಹೇಳಲಾರೆವು. ಅದರಿಂದ ಕಲ್ಲೂ ಮರಳಿ ಬರಲಿಲ್ಲ. ಆದರೆ ಒಂದು ಕಲ್ಲು ಹೋಯಿತೆಂದು ಊರಿಗೆ ಊರೇ ನೊಂದಿತಲ್ಲ, ಆ ನೋವು ನಮಗೆ ಬೇಕು. ಇಂದು ಆ ದ್ವೀಪದ ಉಳಿದ ಕಲ್ಲುಗಳು ೧೯೯೯ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿವೆ.

ನಾವು ಮಾಡಬಹುದಾದುದು

ಗೃಹಸ್ಥರು ಇದಕ್ಕಾಗಿ ದೊಡ್ಡ ಸಾಹಸವನ್ನೇನೂ ಮಾಡಬೇಕಾಗಿಲ್ಲ. ತಳಪಾಯವನ್ನೋ ಬಾವಿಯನ್ನೋ ತೋಡಿಸುವಾಗ ಗುಂಡುಕಲ್ಲುಗಳ ಬಳೆಯೊಂದು ಕಂಡರೆ, ಚಪ್ಪಡಿಗಳ ಪೆಟ್ಟಿಗೆ ಸಿಕ್ಕಿದರೆ, ಕಪ್ಪುಕೆಂಪು ಮಡಕೆಯ ಚೂರುಗಳು ಗುಂಪಾಗಿ ಎದ್ದರೆ, ಅಲ್ಲಿಗೆ ಗುದ್ದಲಿಯನ್ನು ನಿಲ್ಲಿಸಬೇಕು. ಇದ್ದುದನ್ನು ಇದ್ದಂತೆಯೇ ಬಿಟ್ಟು ಒಂದು ಚಿತ್ರ ತೆಗೆದುಕೊಂಡು, ತಹಶೀಲ್ದಾರರಿಗೋ ರಾಜ್ಯದ ಪುರಾತತ್ತ್ವ ಇಲಾಖೆಯವರಿಗೋ ತಿಳಿಸಬೇಕು. ನೆಲದಲ್ಲಿ ಹುದುಗಿದ್ದು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಬಾಳುವ ವಸ್ತು ಸಿಕ್ಕಿದರೆ ಜಿಲ್ಲಾಧಿಕಾರಿಗಳಿಗೆ ಬರೆದು ತಿಳಿಸತಕ್ಕದ್ದೆಂದು ೧೮೭೮ರಲ್ಲಿಯೇ ಕಾಯಿದೆಯಾಗಿದೆ. ರಜೆಯ ದಿನಗಳಲ್ಲಿ ಮಕ್ಕಳನ್ನು ಹಂಪೆಗೆ ಕರೆದೊಯ್ಯುವವರು ಇನ್ನೊಂದು ದಿನವನ್ನು ಹಿರೇಬೆಣಕಲ್ಲಿಗಾಗಿ ಮೀಸಲಿಡಬಹುದು. ಬಳ್ಳಾರಿಗೆ ಹೋದವರು ಅಲ್ಲಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ತ್ವ ವಸ್ತುಸಂಗ್ರಹಾಲಯವನ್ನು ನೋಡಬಹುದು. ಕಲ್ಲಿನ ಮೇಲೆ ಹೆಸರು ಕೊರೆಯಬಾರದೆಂದೂ, ಮಡಕೆಯ ಚೂರನ್ನು ಜೇಬಿಗೆ ಹಾಕಬಾರದೆಂದೂ ಮಕ್ಕಳಿಗೆ ಹೇಳಿಕೊಡಬೇಕು. ಹಳ್ಳಿಯಲ್ಲಿ ಹುಟ್ಟಿ ಬೆಳೆದ ಅಜ್ಜ ಅಜ್ಜಿಯರಿದ್ದರೆ, ಅವರ ಊರಿನ ಯಾವ ಹೊಲಕ್ಕೆ ಪಾಂಡವರ ಗುಡಿಯೆಂದು ಹೆಸರಿತ್ತೆಂಬುದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಗೋರಿಯು ಹೋದರೂ ಹೊಲದ ಹೆಸರು ಉಳಿದಿರುವುದುಂಟು.

ಆ ಪುರಾತನರು ತಾವು ಹುಲ್ಲಿನಡಿಯಲ್ಲಿ ಮಲಗಿ ತಮ್ಮ ಹಿರಿಯರನ್ನು ಕಲ್ಲಿನಡಿಯಲ್ಲಿ ಮಲಗಿಸಿದರು. ನಾವು ಕಲ್ಲು ಕಾಂಕ್ರೀಟುಗಳ ಮನೆಯಲ್ಲಿ ಮಲಗುವುದಕ್ಕಾಗಿ ಅವರ ಮನೆಯನ್ನು ಕೀಳುತ್ತಿರುವೆವು. ಊರು ಬೆಳೆಯಬಾರದೆಂದಾಗಲಿ, ಜನರಿಗೆ ಸೂರು ಬೇಡವೆಂದಾಗಲಿ ಯಾರೂ ಹೇಳಲಾರರು. ಆದರೆ ಸಾವಿರಾರು ಎಕರೆಗಳ ಬಡಾವಣೆಗಳಲ್ಲಿ ಹತ್ತಾರು ಗಜಗಳ ಒಂದು ಶಿಲಾವೃತ್ತಕ್ಕೆ ಎಡೆಯಿಲ್ಲದೆ ಹೋಗುವಷ್ಟು ನಾವು ಬಡವರಾಗಿಲ್ಲ. ಉದ್ಯಾನಕ್ಕೆ ಬಿಟ್ಟ ಜಾಗದಲ್ಲಿಯೇ ಅದನ್ನು ಸೇರಿಸಿಕೊಂಡರೆ ಮಕ್ಕಳು ಅದರ ಸುತ್ತ ಆಡಿಕೊಂಡು ಬೆಳೆದಾರು. ಮಹಾಲಯದ ಅಮಾವಾಸ್ಯೆಯಲ್ಲಿ ಸಂಪ್ರದಾಯಸ್ಥರು ತಮ್ಮ ತಂದೆತಾಯಿಗಳಿಗೆ ತರ್ಪಣ ಕೊಟ್ಟ ಮೇಲೆ, ನೀರು ಬಿಡುವ ಬಂಧುಗಳಿಲ್ಲದೆ ಹೋದವರನ್ನೂ ನೆನೆದು ಎಳ್ಳುನೀರು ಬಿಡುವುದುಂಟು. ಈ ಕಲ್ಮನೆಗಳಲ್ಲಿ ಮಲಗಿದವರು ಅಂಥವರೇ. ಅವರಿಗೆ ಬಿಡಬೇಕಾದ ನೀರು, ಅವರ ಕಲ್ಲನ್ನು ಇದ್ದಲ್ಲಿಯೇ ಇರಗೊಡುವುದು.